ಮಟನ್ ಅಂಗಡಿಯಲ್ಲಿ ಸಿಕ್ಕ ಹೆಗಲಿನ ಪಾಠ

ಬೋರ್ಡಿನ ಬಲ ಮೂಲೆಯಲ್ಲಿ, ಎಲ್ಲಕ್ಕಿಂತ ಮೇಲೆ, ದಿನಾಂಕ ಬರೆಯೋದು ನನ್ನ ಇಪ್ಪತ್ತೆರಡು ವರ್ಷದ ಅಭ್ಯಾಸ. ಕೆಳಗೆ ವಿಷಯ, ಅದರ ಕೆಳಗೆ ಹಾಜರಿ. ಹೋದ ವರ್ಷ ಜುಲೈನಲ್ಲಿ ಒಂದು ಸೋಮವಾರ ಚಾಕ್‌ಪೀಸ್ ಹಿಡಿದು ಕೈ ಎತ್ತಿದೆ. ಕಿವಿಯ ಹತ್ತಿರ ಬರುವಷ್ಟರಲ್ಲಿ ನಿಂತುಬಿಟ್ಟಿತು. ಬಾಗಿಲಿಗೆ ಒಳಗಿನಿಂದ ಯಾರೋ ಚಿಲಕ ಹಾಕಿದ ಹಾಗೆ. ಇನ್ನೊಮ್ಮೆ ಎತ್ತಿದೆ, ಅಷ್ಟೇ. ಒಂಬತ್ತನೇ ಕ್ಲಾಸಿನ ಮಕ್ಕಳು ನೋಡ್ತಿದ್ದರು. ಕೊನೆಗೆ ದಿನಾಂಕವನ್ನು ಬೋರ್ಡಿನ ನಡುವೆ ಬರೆದು, ಏನೂ ಆಗದವರ ಹಾಗೆ ಪಾಠ ಶುರು ಮಾಡಿದೆ.

ಸುಳ್ಳು ಯಾಕೆ ಹೇಳಲಿ, ಅದಕ್ಕೆ ಎರಡು ತಿಂಗಳು ಮುಂಚೆಯೇ ಬಲ ಮಗ್ಗಲಿಗೆ ಮಲಗಲು ಆಗುತ್ತಿರಲಿಲ್ಲ. ರಾತ್ರಿ ಎರಡಕ್ಕೆ, ಮೂರಕ್ಕೆ ಎಚ್ಚರ. ರಟ್ಟೆಯೊಳಗೆ ಹಲ್ಲುನೋವಿನ ಥರದ್ದೊಂದು ನೋವು. ಅತ್ತೆ ಒಂದೇ ಮಾತಿನಲ್ಲಿ ಕಾರಣ ಹೇಳಿ ಮುಗಿಸಿದ್ದರು: "ವಾಯು ಹಿಡಿದೈತವ್ವಾ. ಬ್ಯಾಸಿಗ್ಯಾಗ ರಾತ್ರಿಯೆಲ್ಲಾ ಕೂಲರ್ ಮುಂದ ಮಲ್ಕೊಂಡಿ ನೋಡು." ರಾಯಚೂರಿನ ಮೇ ತಿಂಗಳಲ್ಲಿ ಕೂಲರ್ ಮುಂದೆ ಮಲಗದೆ ಎಲ್ಲಿ ಮಲಗಬೇಕು, ಅದನ್ನು ಮಾತ್ರ ಅವರು ಹೇಳಲಿಲ್ಲ.

ನಾಚಿಕೆ ಆಗಿದ್ದು ಬೇರೆ ವಿಷಯಕ್ಕೆ. ನಾನು ವಿಜ್ಞಾನದ ಟೀಚರು. ಭುಜ ಮತ್ತು ಸೊಂಟ ಎರಡೂ ಚೆಂಡು-ಗುಳಿ ಕೀಲು ಅಂತ ಒಂದೇ ಉಸಿರಿನಲ್ಲಿ ಎಷ್ಟು ಬ್ಯಾಚಿಗೆ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಮುಷ್ಟಿ ಕಟ್ಟಿ ಇನ್ನೊಂದು ಅಂಗೈಯಲ್ಲಿ ತಿರುಗಿಸಿ ತೋರಿಸಿದ್ದೂ ಆಯಿತು. ಸೊಂಟಕ್ಕೆ ಆ ಚಿತ್ರ ಸರಿ. ಹೆಗಲಿಗೆ ಅದು ಅರ್ಧ ಸುಳ್ಳು ಅಂತ ನನಗೆ ಗೊತ್ತಾಗಿದ್ದು ಪುಸ್ತಕದಿಂದಲ್ಲ, ಮಟನ್ ಅಂಗಡಿಯಿಂದ.

ಒಂದು ಭಾನುವಾರ ಮನೆಯವರು ಊರಲ್ಲಿರಲಿಲ್ಲ, ನಾನೇ ಹೋಗಿದ್ದೆ. ದಸ್ತಿ ಕೊಡಿ ಅಂದೆ. ನಮ್ಮ ಕಡೆ ಆಡಿನ ಮುಂಗಾಲಿನ ಮಾಂಸಕ್ಕೆ ಹಾಗೇ ಹೇಳೋದು. ಅಂಗಡಿಯವರು ತೂಗುಹಾಕಿದ್ದ ಆಡಿನ ಮುಂಗಾಲು ಹಿಡಿದು ಸ್ವಲ್ಪ ಹೊರಗೆ ಎಳೆದರು, ಬಗಲಿನ ಸಂದಿಯಲ್ಲಿ ಚಾಕು ಆಡಿಸಿದರು. ಇಡೀ ಕಾಲು ಬೆನ್ನ ರೆಕ್ಕೆಯ, ಅಂದರೆ ಹೆಗಲ ಹಿಂದಿನ ಚಪ್ಪಟೆ ಎಲುಬಿನ, ಸಮೇತ ಕೈಗೆ ಬಂತು. ಎಲುಬಿಗೆ ಚಾಕು ತಾಗಿದ ಸದ್ದೇ ಇಲ್ಲ. ಹಿಂಗಾಲಿಗೆ ಬಂದಾಗ ಮಾತ್ರ ಕತ್ತಿ ಎತ್ತಿದರು. ಯಾಕೆ ಅಂತ ಕೇಳಿದೆ. "ಮುಂದಿನ ಕಾಲಿಗೆ ಜಾಯಿಂಟೇ ಇಲ್ರೀ ಮೇಡಂ, ಬರೇ ಮಾಂಸದಾಗ ಅಂಟ್ಕೊಂಡಿರ್ತೈತಿ. ನಿಮಗ ಗೊತ್ತಿರಬೇಕಲ್ರೀ, ಸೈನ್ಸ್ ಟೀಚರ್ ನೀವು" ಅಂದರು. ಅವರ ಮಗಳು ನಮ್ಮ ಶಾಲೆಯವಳೇ.

ಅವರು ಹೇಳಿದ್ದು ಅಕ್ಷರಶಃ ನಿಜ. ಆಡು, ಕುರಿ, ಎತ್ತು, ಕುದುರೆ ಇವುಗಳಿಗೆ ಕೊರಳೆಲುಬು, ಅಂದರೆ ಕಾಲರ್ ಬೋನ್, ಇಲ್ಲ. ಹಿಂಗಾಲು ಸೊಂಟದ ಗುಳಿಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಮುಂಗಾಲಿಗೂ ಎದೆಗೂಡಿಗೂ ನಡುವೆ ಎಲುಬಿನ ಸಂಬಂಧವೇ ಇಲ್ಲ. ಎರಡು ಮುಂಗಾಲುಗಳ ನಡುವೆ ಎದೆಗೂಡು ಸ್ನಾಯುಗಳ ತೊಟ್ಟಿಲಲ್ಲಿ ತೂಗುತ್ತಿರುತ್ತದೆ, ಅಷ್ಟೇ.

ನಾವು ಆಡಿಗಿಂತ ಒಂದು ಎಲುಬು ಮುಂದೆ. ಕೊರಳ ಕೆಳಗೆ ಅಡ್ಡಕ್ಕೆ ಕೈಗೆ ಸಿಗುತ್ತದಲ್ಲ, ಆ ಕೊರಳೆಲುಬು ಒಂದು ತುದಿಯಲ್ಲಿ ಎದೆಯ ನಡುವಿನ ಎಲುಬಿಗೆ ಸೇರಿದೆ, ಇನ್ನೊಂದು ತುದಿಯಲ್ಲಿ ಬೆನ್ನ ರೆಕ್ಕೆಗೆ. ಇಡೀ ಕೈ ನಮ್ಮ ಮುಂಡಕ್ಕೆ ಎಲುಬಿನಿಂದ ಎಲುಬಿಗೆ ಸೇರುವ ಜಾಗ ಅದೊಂದೇ, ಎದೆಯ ಮೇಲ್ಭಾಗದ ಆ ಪುಟ್ಟ ಕೀಲು. ಕೊಡೆಯ ಕಡ್ಡಿ ಬಟ್ಟೆಯನ್ನು ದೂರ ಹಿಡಿದ ಹಾಗೆ ಕೊರಳೆಲುಬು ತೋಳನ್ನು ಎದೆಯಿಂದ ದೂರ ಹಿಡಿದಿರುತ್ತದೆ. ಬೈಕಿನಿಂದ ಬಿದ್ದವರು ಇದನ್ನು ಮುರಿದುಕೊಂಡು ಬರುವುದು ಸಾಮಾನ್ಯ. ಹೆಗಲು ನೆಲಕ್ಕೆ ಬಡಿದಾಗ ಪೆಟ್ಟು ದೇಹಕ್ಕೆ ಹೋಗುವ ದಾರಿಯಲ್ಲಿ ಅದು ಇದೆಯಲ್ಲ.

ಉಳಿದದ್ದೆಲ್ಲ ಸ್ನಾಯು. ಬೆನ್ನ ರೆಕ್ಕೆಗೆ ಹದಿನೇಳು ಸ್ನಾಯುಗಳು ಅಂಟಿಕೊಂಡಿವೆ. ಪಕ್ಕೆಲುಬಿನ ಮೇಲೆ ಅದು ಕೂತಿರುವುದಿಲ್ಲ, ಜಾರುತ್ತಿರುತ್ತದೆ.

ಈ ಮಾತು ತಲೆಗೆ ಹೋದಮೇಲೆ ನನಗೆ ಎಲ್ಲೆಲ್ಲೂ ಹೆಗಲುಗಳೇ ಕಾಣತೊಡಗಿದವು. ಕಾರಹುಣ್ಣಿಮೆಗೆ ನಮ್ಮೂರಲ್ಲಿ ಎತ್ತುಗಳಿಂದ ಟನ್ನುಗಟ್ಟಲೆ ಭಾರದ ಕಲ್ಲು ಎಳೆಸುವ ಸ್ಪರ್ಧೆ ನಡೆಯುತ್ತದೆ. ಎಲ್ಲರೂ ಎತ್ತಿನ ಕಾಲು ನೋಡುತ್ತಾರೆ, ನಾನು ಈ ಸಲ ಹಿಣಿಲು ನೋಡುತ್ತಾ ನಿಂತಿದ್ದೆ. ನಾನು ಮೊದಲು ಅಂದುಕೊಂಡಿದ್ದೆ, ಒಂಟೆಯ ಡುಬ್ಬದ ಹಾಗೆ ಅದೂ ಕೊಬ್ಬು ಅಂತ. ಅಲ್ಲ. ನಮ್ಮ ದೇಸಿ ಎತ್ತಿನ ಹಿಣಿಲು ಹೆಚ್ಚಿನಂಶ ಸ್ನಾಯುವೇ, ಅದರ ಹೆಸರು ರಾಂಬಾಯ್ಡ್. ಅದೇ ಸ್ನಾಯು ನಮಗೂ ಇದೆ, ಬೆನ್ನುಮೂಳೆಗೂ ಬೆನ್ನ ರೆಕ್ಕೆಗೂ ನಡುವೆ, ಇಷ್ಟು ತೆಳ್ಳಗೆ. ದಿನವಿಡೀ ಕಾಪಿ ತಿದ್ದಿದ ಸಂಜೆ ಎರಡು ರೆಕ್ಕೆಗಳ ನಡುವೆ ಉರಿಯುತ್ತದಲ್ಲ, ಆ ಜಾಗ. ಎತ್ತಿಗೆ ಅಲ್ಲಿ ಗುಡ್ಡ, ಟೀಚರಿಗೆ ಅಲ್ಲಿ ಉರಿ!

ಈಗ ಗುಳಿಯ ವಿಷಯ. ಸೊಂಟದ ಗುಳಿ ಆಳವಾದ ಬಟ್ಟಲು, ತೊಡೆಯೆಲುಬಿನ ಗುಂಡು ಅದರೊಳಗೆ ಮುಳುಗಿರುತ್ತದೆ. ಹೆಗಲಿನ ಗುಳಿ ಅಂತ ನಾವು ಕರೆಯುವುದು ಬೆನ್ನ ರೆಕ್ಕೆಯ ಅಂಚಿನಲ್ಲಿರುವ ಒಂದು ಚಪ್ಪಟೆ ತಟ್ಟೆ. ತೋಳೆಲುಬಿನ ಗುಂಡಿನ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಮಾತ್ರ ಒಂದು ಹೊತ್ತಿಗೆ ಅದಕ್ಕೆ ತಾಗಿರುತ್ತದೆ. ಶಾಲೆಯ ಸ್ಪೋರ್ಟ್ಸ್ ಡೇಯಲ್ಲಿ ಲಿಂಬೆಹಣ್ಣು-ಚಮಚದ ಓಟ ಇರುತ್ತದಲ್ಲ, ಅದೇ ನೋಡಿ ಹೆಗಲು. ವ್ಯತ್ಯಾಸ ಏನಂದರೆ ಇಲ್ಲಿ ಚಮಚ ಅಡ್ಡಕ್ಕೆ ನಿಂತಿದೆ, ಲಿಂಬೆಹಣ್ಣಿಗೆ ಒಂದು ಇಡೀ ಕೈ ಜೋತುಬಿದ್ದಿದೆ. ಚಮಚದ ಅಂಚಿಗೆ ಮೆತ್ತನೆಯ ಒಂದು ಬಳೆ ಇದ್ದು ಗುಳಿಯನ್ನು ಸ್ವಲ್ಪ ಆಳ ಮಾಡುತ್ತದೆ ಅನ್ನಿ. ಆದರೂ ದೇಹದಲ್ಲಿ ಅತಿ ಹೆಚ್ಚು ಸಲ ಜಾರುವ ದೊಡ್ಡ ಕೀಲು ಇದೇ, ಬಹುಪಾಲು ಮುಂದಕ್ಕೆ ಜಾರುತ್ತದೆ. ಆಳ ಕಡಿಮೆ ಇರುವುದರಿಂದಲೇ ಬೆನ್ನು ಕೆರೆದುಕೊಳ್ಳಬಹುದು, ಜಡೆ ಹಾಕಬಹುದು, ಕಲ್ಲು ಬೀಸಿ ಮಾವಿನಕಾಯಿ ಕೆಡವಬಹುದು. ಕಾಲಿನಲ್ಲಿ ಇದ್ಯಾವುದನ್ನೂ ಮಾಡಿ ನೋಡಿ ಸಾಧ್ಯವಾದರೆ.

ಹಾಗಾದರೆ ಲಿಂಬೆಹಣ್ಣು ಯಾಕೆ ಬೀಳಲ್ಲ?

ನಾಲ್ಕು ಸಣ್ಣ ಸ್ನಾಯುಗಳಿವೆ. ನಾಲ್ಕೂ ಬೆನ್ನ ರೆಕ್ಕೆಯಿಂದ ಹೊರಟು ತೋಳೆಲುಬಿನ ಗುಂಡನ್ನು ಸುತ್ತುವರಿದು ಹಿಡಿಯುತ್ತವೆ, ಅಂಗಿಯ ತೋಳಿನ ಕಫ್ ಹಾಗೆ. ಅದಕ್ಕೇ ರೊಟೇಟರ್ ಕಫ್ ಅಂತ ಹೆಸರು. ಬೆನ್ನ ರೆಕ್ಕೆಯ ಹಿಂಬದಿಯಲ್ಲಿ ಕೈಗೆ ಸಿಗುವ ಒಂದು ಏಣು ಇದೆ. ಅದರ ಮೇಲೆ ಸುಪ್ರಾಸ್ಪೈನೇಟಸ್. ಕೈಯನ್ನು ಪಕ್ಕಕ್ಕೆ ಎತ್ತಲು ಶುರುಮಾಡುವಾಗ ಇದರ ಪಾಲು ದೊಡ್ಡದು. ಏಣಿನ ಕೆಳಗೆ ಇನ್ಫ್ರಾಸ್ಪೈನೇಟಸ್, ಅದರ ಕೆಳಗೆ ಟೆರಿಸ್ ಮೈನರ್. ಇವೆರಡು ತೋಳನ್ನು ಹೊರಕ್ಕೆ ತಿರುಗಿಸುತ್ತವೆ. ತಲೆಯ ಹಿಂದೆ ಹೂವು ಮುಡಿಯುವಾಗ ನಡೆಯುವ ಕೆಲಸ ಇವುಗಳದ್ದು. ನಾಲ್ಕನೆಯದು ಸಬ್‌ಸ್ಕ್ಯಾಪುಲಾರಿಸ್. ರೆಕ್ಕೆಯ ಒಳಮುಖದಲ್ಲಿ, ರೆಕ್ಕೆಗೂ ಪಕ್ಕೆಲುಬಿಗೂ ನಡುವೆ ಅಡಗಿ ಕೂತಿದೆ. ಯಾರ ಕಣ್ಣಿಗೂ ಬೀಳುವುದಿಲ್ಲ, ನಾಲ್ಕರಲ್ಲಿ ಅದೇ ದೊಡ್ಡದು, ಬಲಶಾಲಿ. ತೋಳನ್ನು ಒಳಕ್ಕೆ ತಿರುಗಿಸುತ್ತದೆ. ಹಿಂದೆ ಹುಕ್ಕು ಇರುವ ರವಿಕೆ ತೊಡುವವರಿಗೆ ಇದರ ಬೆಲೆ ಗೊತ್ತು.

ಆದರೆ ತಿರುಗಿಸುವುದು ಈ ನಾಲ್ಕರ ಮೇಲ್ನೋಟದ ಕೆಲಸ. ನಿಜವಾದ ಕೆಲಸ ಗುಂಡನ್ನು ತಟ್ಟೆಗೆ ಒತ್ತಿ ಹಿಡಿಯೋದು. ಇದು ಅರ್ಥವಾಗಬೇಕಾದರೆ ಡೆಲ್ಟಾಯ್ಡ್ ನೋಡಬೇಕು. ಹೆಗಲಿನ ಮೇಲೆ ಗುಂಡಗೆ ಕಾಣುವುದು, ಜಿಮ್ ಹುಡುಗರು ಕನ್ನಡಿ ಮುಂದೆ ತೋಳು ಕೊಯ್ದ ಬನಿಯನ್ ಹಾಕಿ ನೋಡಿಕೊಳ್ಳುವುದು, ಕೊರೊನಾ ಲಸಿಕೆ ಚುಚ್ಚಿಸಿಕೊಂಡದ್ದು, ಎಲ್ಲ ಅದೇ. ಗ್ರೀಕರ ಡೆಲ್ಟಾ ಅಕ್ಷರದ ಹಾಗೆ ತ್ರಿಕೋನ, ಅದಕ್ಕೆ ಆ ಹೆಸರು. ಮುಂದಿನ ಭಾಗ ಕೈಯನ್ನು ಮುಂದಕ್ಕೆ ಎತ್ತುತ್ತದೆ, ನಡುವಿನದು ಪಕ್ಕಕ್ಕೆ, ಹಿಂದಿನದು ಹಿಂದಕ್ಕೆ. ಭಾರಿ ಸ್ನಾಯು. ಆದರೆ ಅದರಲ್ಲೊಂದು ತೊಂದರೆ ಇದೆ. ಕೈ ಕೆಳಗಿದ್ದಾಗ ಅದು ಎಳೆಯುವುದು ನೇರ ಮೇಲಕ್ಕೆ. ಅದೊಂದನ್ನೇ ಬಿಟ್ಟರೆ ಕೈ ಎತ್ತುವ ಬದಲು ಗುಂಡನ್ನೇ ಮೇಲಕ್ಕೆ ಜಾರಿಸಿ ಹೆಗಲಿನ ಚಾವಣಿಗೆ ಗುದ್ದಿಸುತ್ತದೆ. ಚಾವಣಿ ಅಂದರೆ ಹೆಗಲ ತುದಿಯಲ್ಲಿ ಒತ್ತಿದರೆ ಗಟ್ಟಿಯಾಗಿ ಸಿಗುವ ಎಲುಬು. ಆ ನಾಲ್ಕು ಸಣ್ಣವು ಗುಂಡನ್ನು ಒಳಕ್ಕೂ ಕೆಳಕ್ಕೂ ಎಳೆದು ಹಿಡಿಯುವುದರಿಂದಲೇ ಡೆಲ್ಟಾಯ್ಡಿನ ಬಲ ಕೈ ಎತ್ತುವುದಕ್ಕೆ ಸಲ್ಲುತ್ತದೆ. ಬಾವಿಯ ಗೋಡೆಗೆ ಏಣಿ ನಿಲ್ಲಿಸುವಾಗ ಒಬ್ಬ ಮೇಲಿನ ತುದಿ ಎತ್ತುತ್ತಾ ಬರುತ್ತಾನೆ, ಇನ್ನೊಬ್ಬ ಕೆಳಗಿನ ತುದಿಯನ್ನು ಕಾಲಿನಿಂದ ಮೆಟ್ಟಿ ನಿಂತಿರುತ್ತಾನೆ. ಮೆಟ್ಟಿ ನಿಂತವನನ್ನು ಯಾರೂ ಹೊಗಳೋದಿಲ್ಲ ಅಲ್ವಾ.

ಗುಂಡಿಗೂ ಚಾವಣಿಗೂ ನಡುವಿನ ಸಂದಿ ತುಂಬಾ ಸಣ್ಣದು. ಸುಪ್ರಾಸ್ಪೈನೇಟಸ್‌ನ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ, ಅಲ್ಲೇ ನುಸುಳಿ ಬರಬೇಕು. ಸವೆಯುವುದೂ, ವಯಸ್ಸಾದಂತೆ ಹರಿಯುವುದೂ ಹೆಚ್ಚಾಗಿ ಅದೇ. ಕೈಯನ್ನು ಪಕ್ಕಕ್ಕೆ ಎತ್ತುವಾಗ ಸುಮಾರು 60 ಡಿಗ್ರಿಯಿಂದ 120 ಡಿಗ್ರಿವರೆಗೆ ಮಾತ್ರ ಚುಚ್ಚಿ, ಅದರ ಮೇಲೆ ಹೋದರೆ ಆರಾಮ ಅನ್ನಿಸಿದರೆ ಈ ಸಂದಿಯ ಮೇಲೆ ಅನುಮಾನಪಡುತ್ತಾರೆ.

ಇನ್ನು ಕೈ ಪೂರ್ತಿ ಮೇಲೆ ಹೋಗುವ ಲೆಕ್ಕ. ನಾನು ಮಕ್ಕಳಿಗೆ ಇದನ್ನು ಮಾಡಿ ತೋರಿಸುತ್ತೇನೆ. ಒಬ್ಬ ಹುಡುಗ ಬೆನ್ನು ತಿರುಗಿಸಿ ನಿಲ್ಲಬೇಕು. ಇನ್ನೊಬ್ಬ ಅವನ ಬೆನ್ನ ರೆಕ್ಕೆಯ ಕೆಳತುದಿಗೆ ಹೆಬ್ಬೆರಳು ಇಡಬೇಕು. ಈಗ ಕೈ ಎತ್ತು. ಮೊದಮೊದಲು ರೆಕ್ಕೆ ಸುಮ್ನೆ ಇರುತ್ತದೆ, ಆಮೇಲೆ ಹೆಬ್ಬೆರಳ ಕೆಳಗಿಂದ ಜಾರಿ ಬಗಲಿನ ಕಡೆ ಹೊರಟುಬಿಡುತ್ತದೆ. ಮಕ್ಕಳು ಬೆಚ್ಚಿಬೀಳುತ್ತಾರೆ! 180 ಡಿಗ್ರಿ ಎತ್ತಿದರೆ ಸುಮಾರು 120 ಡಿಗ್ರಿ ಕೀಲಿನದು, 60 ಡಿಗ್ರಿ ಬೆನ್ನ ರೆಕ್ಕೆ ತಿರುಗಿದ್ದರಿಂದ ಬಂದದ್ದು. ಎರಡಕ್ಕೆ ಒಂದು. ಅಂದರೆ ಕೈ ಎತ್ತಿದೆ ಅಂತ ನಾವು ಅಂದುಕೊಂಡಾಗೆಲ್ಲ ಮೂರರಲ್ಲಿ ಒಂದು ಪಾಲು ಬೆನ್ನು ಎತ್ತಿರುತ್ತದೆ.

ರೆಕ್ಕೆಯನ್ನು ತಿರುಗಿಸುವುದು ಮುಖ್ಯವಾಗಿ ಇಬ್ಬರು. ಒಂದು ಸೆರೇಟಸ್ ಆಂಟೀರಿಯರ್. ಪಕ್ಕೆಲುಬುಗಳಿಂದ ಗರಗಸದ ಹಲ್ಲಿನ ಹಾಗೆ ಹೊರಟು ರೆಕ್ಕೆಯ ಅಡಿಯಲ್ಲಿ ಹಾದು ಅದರ ಒಳ ಅಂಚಿಗೆ ಸೇರುತ್ತದೆ. ಆಡಿನ ಎದೆಗೂಡನ್ನು ತೊಟ್ಟಿಲಿನಂತೆ ತೂಗುವುದು ಇದರದ್ದೇ ಜೋಡಿ. ಇದಕ್ಕೆ ಹೋಗುವ ನರಕ್ಕೆ ಪೆಟ್ಟಾದವರು ಗೋಡೆ ತಳ್ಳಿದರೆ ಬೆನ್ನ ರೆಕ್ಕೆ ನಿಜವಾಗಿಯೂ ರೆಕ್ಕೆಯಂತೆ ಹಿಂದಕ್ಕೆ ಎದ್ದು ನಿಲ್ಲುತ್ತದೆ. ಇನ್ನೊಂದು ಟ್ರಪೀಜಿಯಸ್. ತಲೆಬುರುಡೆಯ ಹಿಂಭಾಗದಿಂದ ಪಕ್ಕೆಲುಬು ಇರುವ ಕೊನೆಯ ಬೆನ್ನೆಲುಬಿನವರೆಗೆ ಹಬ್ಬಿದೆ. ಎಡದ್ದು ಬಲದ್ದು ಸೇರಿ ಬೆನ್ನಿನ ಮೇಲೆ ಗಾಳಿಪಟ ಹಾಸಿದ ಹಾಗೆ.

ಟ್ರಪೀಜಿಯಸ್ ನೋಡಬೇಕಿದ್ದರೆ ಗಂಜ್‌ಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ಹೋಗಿ. ಭತ್ತದ ಚೀಲ ಅಂದರೆ ನಮ್ಮ ಕಡೆ 75 ಕೆ.ಜಿ. ಹಮಾಲರು ಅದನ್ನು ಹೆಗಲಿಗೆ ಹೊರುತ್ತಾರೆ ಅಂತ ನಾವು ಹೇಳುತ್ತೇವೆ, ಸರಿಯಾಗಿ ನೋಡಿ, ಹೆಗಲಿನ ಮೇಲೆ ಅಲ್ಲ, ಕುತ್ತಿಗೆಯ ಬುಡ ಮತ್ತು ಬೆನ್ನಿನ ಮೇಲ್ಭಾಗದ ಮೇಲೆ ಅಡ್ಡ ಮಲಗಿಸಿಕೊಳ್ಳುತ್ತಾರೆ. ಕೀಲಿನ ಮೇಲೆ ಬಿಟ್ಟರೆ ಲಿಂಬೆಹಣ್ಣು ಉರುಳುತ್ತದೆ. ನಮ್ಮ ಓಣಿಯ ಒಬ್ಬ ಹಿರಿಯ ಹಮಾಲಕಾಕಾ ಒಮ್ಮೆ ಹೇಳಿದ್ದರು: "ಚೀಲ ರಟ್ಟಿಗೆ ಬಂತಂದ್ರ ಕೆಲಸ ಕೆಟ್ಟಂಗ. ಕುತ್ತಿಗಿ ಹಿಂದ ಕುಂದ್ರಬೇಕು." ಅವರಿಗೆ ಆ ಸ್ನಾಯುವಿನ ಹೆಸರು ಬೇಕಾಗಿಲ್ಲ. ಕೆಳಗಿನಿಂದ ಏನನ್ನಾದರೂ ಎಳೆಯುವ ಕೆಲಸ, ಬಾವಿಯಿಂದ ಕೊಡ ಸೇದುವುದು, ಹಗ್ಗ ಹಿಡಿದು ಹತ್ತುವುದು, ಅದು ಬೆನ್ನಿನ ಕೆಳಗಿನಿಂದ ಬಗಲಿಗೆ ಬರುವ ಲ್ಯಾಟಿಸ್ಸಿಮಸ್‌ನದು. ನಮ್ಮ ಅಮ್ಮನಿಗೆ ಅದು ಎಷ್ಟು ಗಟ್ಟಿ ಇತ್ತು ಅಂದರೆ, ನನ್ನದು ಯಾವತ್ತೂ ಅಷ್ಟು ಆಗಲಿಲ್ಲ. ನಲ್ಲಿ ಬಂತಲ್ಲ.

ನನ್ನ ಕಥೆಗೆ ಬರುತ್ತೇನೆ. ಮೊದಲು ಹೋದ ಒಂದು ಕ್ಲಿನಿಕ್‌ನಲ್ಲಿ ನನ್ನ ಕೈಯನ್ನು ಯಾರೂ ಮುಟ್ಟಲಿಲ್ಲ. ಕುರ್ಚಿಯಲ್ಲಿ ಕೂತ ಹಾಗೇ ಎಲ್ಲಿ ನೋವು ಅಂತ ಕೇಳಿದರು, ನೋವಿನ ಮಾತ್ರೆ ಬರೆದರು, ಕೈಗೊಂದು ಜೋಳಿಗೆ ಕಟ್ಟಿಸಿ ತಿಂಗಳು ಅಲ್ಲಾಡಿಸಬೇಡಿ ಅಂದರು. ನಾನು ವಿಧೇಯ ವಿದ್ಯಾರ್ಥಿನಿ, ಅಲ್ಲಾಡಿಸಲಿಲ್ಲ. ತಿಂಗಳಾದ ಮೇಲೆ ಜಡೆ ಹಾಕಲೂ ಆಗದ ಸ್ಥಿತಿ, ಮಗಳಿಗೆ ಹೇಳಿ ಹಾಕಿಸಿಕೊಳ್ಳುತ್ತಿದ್ದೆ. ಇವತ್ತಿಗೂ ನನಗೆ ಸಿಟ್ಟು ಇರುವುದು ಆ ಒಂದು ತಿಂಗಳಿನ ಮೇಲೆ.

ಎರಡನೆಯ ಕಡೆ ಒಬ್ಬ ಫಿಸಿಯೋಥೆರಪಿಸ್ಟ್, ವಯಸ್ಸಿನಲ್ಲಿ ನನ್ನ ಹಳೇ ವಿದ್ಯಾರ್ಥಿನಿಯಷ್ಟು ಚಿಕ್ಕವಳು. "ಮೇಡಂ, ನೀವು ಎತ್ತಬೇಡಿ, ಸಡಿಲ ಬಿಡಿ, ನಾನು ಎತ್ತುತ್ತೇನೆ" ಅಂದಳು. ಅವಳು ಎತ್ತಿದರೂ ಕೈ ಅಲ್ಲೇ ನಿಂತಿತು. ಆಮೇಲೆ ಮೊಣಕೈಯನ್ನು ಪಕ್ಕೆಗೆ ಒತ್ತಿಸಿ ಮುಂಗೈಯನ್ನು ಬಾಗಿಲು ತೆರೆದ ಹಾಗೆ ಹೊರಕ್ಕೆ ತಿರುಗಿಸಲು ನೋಡಿದಳು. ಅದಂತೂ ಏನೇನೂ ಹೋಗಲಿಲ್ಲ. ಐದು ನಿಮಿಷವೂ ಆಗಿರಲಿಲ್ಲ. ಇದು ಸ್ನಾಯು ಹರಿದದ್ದಲ್ಲ ಅಂದಳು. ಸ್ನಾಯುರಜ್ಜು ಹರಿದವರಿಗೆ ತಾವಾಗಿ ಎತ್ತಲು ಆಗದಿದ್ದರೂ ಬೇರೆಯವರು ಎತ್ತಿದರೆ ಕೈ ಸಾಮಾನ್ಯವಾಗಿ ಹೋಗುತ್ತದೆ. ಯಾರು ಎತ್ತಿದರೂ ಹೋಗದಿದ್ದರೆ, ಅದರಲ್ಲೂ ಹೊರಕ್ಕೆ ತಿರುಗದಿದ್ದರೆ, ಅದು ಫ್ರೋಜನ್ ಶೋಲ್ಡರ್. ಎಕ್ಸ್‌ರೇಯಲ್ಲಿ ಬೇರೇನೂ ಸಿಗಲಿಲ್ಲ.

ಕೀಲಿನ ಸುತ್ತ ಒಂದು ತೆಳುವಾದ ಚೀಲ ಇದೆ. ಬಗಲಿನ ಕಡೆ ಅದು ನೆರಿಗೆ ನೆರಿಗೆಯಾಗಿ ಸಡಿಲ ಇರುತ್ತದೆ, ಕೈ ಎತ್ತಿದಾಗ ಆ ನೆರಿಗೆ ಬಿಚ್ಚಿಕೊಳ್ಳಬೇಕು. ಈ ರೋಗದಲ್ಲಿ ಚೀಲ ಊದಿ, ದಪ್ಪಗಾಗಿ, ಮುದುರಿಕೊಳ್ಳುತ್ತದೆ. ಟೈಲರ್ ಬಗಲಲ್ಲಿ ಬಟ್ಟೆ ಬಿಡದೆ ಹೊಲಿದ ರವಿಕೆ ಹಾಕಿ ಕೈ ಎತ್ತಿ ನೋಡಿ, ಇಡೀ ರವಿಕೆಯೇ ಮೇಲೆ ಬರುತ್ತದೆ. ನನ್ನದೂ ಹಾಗೇ ಆಗುತ್ತಿತ್ತು. ಕೈ ಎತ್ತಿದರೆ ಬೆನ್ನ ರೆಕ್ಕೆಯೇ ಕಿವಿಯ ಹತ್ತಿರ ಬರುತ್ತಿತ್ತು. 120 ಡಿಗ್ರಿ ಕೊಡಬೇಕಾದ ಕೀಲು ಕೈಚೆಲ್ಲಿ, 60ರ ಪಾಲಿನವನು ಎಲ್ಲವನ್ನೂ ಹೊತ್ತುಕೊಂಡಿದ್ದ. ಅದಕ್ಕೇ ಕುತ್ತಿಗೆಯೂ ನೋಯುತ್ತಿತ್ತು.

ಬಾಸ್ಟನ್ನಿನ ಸರ್ಜನ್ ಅರ್ನೆಸ್ಟ್ ಕಾಡ್‌ಮನ್ 1934ರಲ್ಲಿ ಫ್ರೋಜನ್ ಶೋಲ್ಡರ್ ಅನ್ನೋ ಹೆಸರು ಕೊಟ್ಟರು. ಇದನ್ನು ವಿವರಿಸೋದೂ ಕಷ್ಟ, ವಾಸಿ ಮಾಡೋದೂ ಕಷ್ಟ ಅಂತ ಅವರೇ ಒಪ್ಪಿಕೊಂಡಿದ್ದರು. ಹೆಚ್ಚಾಗಿ 40ರಿಂದ 60 ವರ್ಷದೊಳಗೆ, ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಜಾಸ್ತಿ. ಮೊದಲು ನೋವು ಏರುವ ಕಾಲ, ಆಮೇಲೆ ನೋವು ಇಳಿದರೂ ಬಿಗಿತ ಉಳಿಯುವ ಕಾಲ, ಕೊನೆಗೆ ನಿಧಾನಕ್ಕೆ ಬಿಡುವ ಕಾಲ. ಎಲ್ಲ ಸೇರಿ ಒಂದರಿಂದ ಮೂರು ವರ್ಷ ತೆಗೆದುಕೊಳ್ಳಬಹುದು. ಆ ಹುಡುಗಿ ಕೇಳಿದಳು: "ಶುಗರ್ ಯಾವಾಗ ನೋಡಿಸಿದ್ರಿ ಮೇಡಂ?" ನೋಡಿಸಿಯೇ ಇರಲಿಲ್ಲ. ಮಾರನೇ ದಿನ ನೋಡಿಸಿದೆ, ಇತ್ತು. ಹೆಗಲು ತೋರಿಸಲು ಹೋಗಿ ಸಕ್ಕರೆ ಹಿಡಿದುಕೊಂಡು ಬಂದೆ. ಅತ್ತೆ ಮಾತ್ರ ವಾಯು ಅನ್ನೋದನ್ನು ಇವತ್ತಿಗೂ ಬಿಟ್ಟಿಲ್ಲ.

ಇಲ್ಲೊಂದು ಮಾತು. ಹೆಗಲು ನೋವೆಲ್ಲ ಹೆಗಲಿನದ್ದೇ ಅಲ್ಲ. ಎಡ ಹೆಗಲು, ದವಡೆ, ಎದೆ ಒಟ್ಟಿಗೆ ಹಿಂಡಿ ಬೆವರು ಬಂದರೆ ಇಂಥ ಬರಹ ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ. ಪಿತ್ತಕೋಶದ ತೊಂದರೆಯೂ ಬಲ ಹೆಗಲಿನಲ್ಲಿ ನೋವಾಗಿ ಕಾಣಿಸಿಕೊಳ್ಳಬಹುದು. ಕೈ ಆಡಿಸಿದರೂ ಬಿಟ್ಟರೂ ನೋವು ಬದಲಾಗದಿದ್ದರೆ ಬೇರೆ ಕಡೆಯೂ ನೋಡಿಸಬೇಕು.

ಚಿಕಿತ್ಸೆ ಅಂದರೆ ಸಕ್ಕರೆ ಹತೋಟಿಗೆ ತರೋದು, ಡಾಕ್ಟರು ಕೀಲಿಗೆ ಕೊಟ್ಟ ಒಂದು ಇಂಜೆಕ್ಷನ್, ಮತ್ತೆ ದಿನಾ ಕಸರತ್ತು. ಮುಂದಕ್ಕೆ ಬಾಗಿ, ಎಡಗೈ ಮೇಜಿಗೆ ಊರಿ, ಬಲಗೈಯನ್ನು ಗಡಿಯಾರದ ಲೋಲಕದ ಹಾಗೆ ಸುಮ್ನೆ ತೂಗಾಡಿಸುವುದು. ಇದೂ ಆ ಕಾಡ್‌ಮನ್ ಹೆಸರಿನದ್ದೇ. ಎತ್ತಬಾರದು, ತೂಗಬೇಕು. ನಾನು ಅದನ್ನು ಮಾಡುವಾಗೆಲ್ಲ ಆ ಅಂಗಡಿಯ ದಸ್ತಿ ನೆನಪಾಗಿ ನಗು ಬರುತ್ತದೆ. ಮೊಣಕೈ ಪಕ್ಕೆಗೆ ಒತ್ತಿ ಕೋಲಿನಿಂದ ಕೈಯನ್ನು ಹೊರಕ್ಕೆ ತಳ್ಳುವುದು ಇನ್ನೊಂದು, ಅದು ಮಾತ್ರ ಕಣ್ಣಲ್ಲಿ ನೀರು ತರಿಸುತ್ತದೆ.

ಮೂರನೆಯದು ಗೋಡೆ ಹತ್ತುವುದು. ಎರಡು ಬೆರಳುಗಳನ್ನು ಗೋಡೆಯ ಮೇಲೆ ಇರುವೆಯ ಹಾಗೆ ನಡೆಸುತ್ತಾ ಹೋಗಬೇಕು, ನಿಂತಲ್ಲಿ ಪೆನ್ಸಿಲ್ ಗುರುತು. ನಾನು ಅಡುಗೆಮನೆ ಬಾಗಿಲ ಚೌಕಟ್ಟನ್ನು ಆರಿಸಿಕೊಂಡೆ. ಅಲ್ಲಿ ಮೊದಲೇ ಗುರುತುಗಳಿದ್ದವು, ನನ್ನ ಮಗ ಪ್ರತಿ ವರ್ಷ ಎತ್ತರ ಅಳೆಸಿಕೊಂಡದ್ದು. ಸೆಪ್ಟೆಂಬರಿನಲ್ಲಿ ನನ್ನ ಬೆರಳು ಅವನ ಐದನೇ ಕ್ಲಾಸಿನ ಗೆರೆಗೆ ನಿಂತಿತ್ತು. ದಸರಾ ರಜೆ ಮುಗಿಯುವಷ್ಟರಲ್ಲಿ ಆರನೇ ಕ್ಲಾಸು ದಾಟಿದೆ. ಆಮೇಲೆ ಎರಡು ತಿಂಗಳು ಏಳನೇ ಕ್ಲಾಸಿನಲ್ಲೇ ಫೇಲು. ಮಗ ಈಗ ಪಿಯುಸಿ, ದಿನಾ ಬೆಳಗ್ಗೆ ಟಿಫಿನ್ ಡಬ್ಬಿ ತಗೊಂಡು ಹೋಗುವಾಗ ಗೆರೆ ನೋಡಿ "ಏನಮ್ಮಾ, ಯಾವ ಕ್ಲಾಸು?" ಅಂತಾನೆ. ಮೊನ್ನೆ ಯುಗಾದಿಗೆ ಎಂಟು ಮುಗಿಯಿತು. ಹತ್ತನೇ ಕ್ಲಾಸಿನ ಗೆರೆ ಇನ್ನೂ ಒಂದು ಗೇಣು ಮೇಲಿದೆ.